ಗೋಧಿಯಿಲ್ಲದ ಬ್ರೆಡ್ಡು ವೈದ್ಯಕೀಯ ವೆಚ್ಚವೇ?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಮೊದಲು ನೋಡುವ ಕೆಲಸ ನನ್ನದು. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಾಲದ ಅರ್ಜಿಗಳನ್ನು ನೋಡಿದವನು ಎಂಬ ಕಾರಣಕ್ಕೆ ಸಮಿತಿಯವರು ಇದನ್ನು ನನ್ನ ತಲೆಗೆ ಕಟ್ಟಿದ್ದಾರೆ. ವೈದ್ಯರ ಚೀಟಿ, ಆಸ್ಪತ್ರೆಯ ಬಿಲ್ಲು, ಔಷಧದಂಗಡಿಯ ಬಿಲ್ಲು ಒಂದಕ್ಕೊಂದು ತಾಳೆಯಾದರೆ ಟಿಕ್ ಹಾಕಿ ಮುಂದಕ್ಕೆ ಕಳಿಸುತ್ತೇನೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಬಂದ ಒಂದು ಅರ್ಜಿಯಲ್ಲಿ ಔಷಧದ ಬಿಲ್ಲು ಎರಡೇ ಎರಡು ಇದ್ದವು. ಒಂದು ಕಬ್ಬಿಣಾಂಶದ ಮಾತ್ರೆಯದು, ಇನ್ನೊಂದು ಕ್ಯಾಲ್ಸಿಯಂ ಮಾತ್ರೆಯದು. ಉಳಿದದ್ದೆಲ್ಲ ದಿನಸಿ ಬಿಲ್ಲು. ಪೊಟ್ಟಣದ ರಾಗಿ ಹಿಟ್ಟು, ಅಕ್ಕಿ ಹಿಟ್ಟು, ಬ್ರೆಡ್ಡು, ಬಿಸ್ಕತ್ತು, ಒಂದು ಹೊಸ ದೋಸೆ ಕಾವಲಿ, ಒಂದು ಮಿಕ್ಸಿ ಜಾರು. ನಾನು ಕೆಂಪು ಶಾಯಿಯಲ್ಲಿ 'ಆಹಾರ ಮತ್ತು ಪಾತ್ರೆ ವೆಚ್ಚ, ವೈದ್ಯಕೀಯ ವೆಚ್ಚವಲ್ಲ' ಎಂದು ಬರೆದು ವಾಪಸು ಕಳಿಸಿದೆ.

ಸೆಪ್ಟೆಂಬರಿನ ಒಂದು ಭಾನುವಾರ ಆ ಅರ್ಜಿ ಹಾಕಿದ ತಾಯಿ ಸಂಘದ ಕಚೇರಿಗೆ ಬಂದರು. ಜಗಳಕ್ಕೆ ಬಂದವರಲ್ಲ. ವೈದ್ಯರ ಚೀಟಿಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. ಔಷಧ ಬರೆಯುವ ಜಾಗದಲ್ಲಿ ವೈದ್ಯರು ಬರೆದದ್ದು ಇಷ್ಟು: ಗೋಧಿ, ಬಾರ್ಲಿ, ರೈ ಇಲ್ಲದ ಆಹಾರ, ಜೀವನಪರ್ಯಂತ. "ಇದಕ್ಕೆ ಮೆಡಿಕಲ್ ಶಾಪಿನಲ್ಲಿ ಬಿಲ್ಲು ಕೊಡೋದಿಲ್ಲ ಸಾರ್" ಅಂದರು.

ಆಮೇಲೆ ಮಗಳ ರಕ್ತಪರೀಕ್ಷೆಯ ಮೂರು ವರದಿಗಳನ್ನು ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ಅಂಕಿ ಮಿತಿಗಿಂತ ಹತ್ತು ಪಟ್ಟು ಹೆಚ್ಚು. ಎರಡನೆಯದರಲ್ಲಿ ಮೂರು ಪಟ್ಟಿಗೆ ಇಳಿದಿದೆ. ಆಗಸ್ಟಿನ ಮೂರನೆಯದರಲ್ಲಿ ಮತ್ತೆ ಆರು ಪಟ್ಟಿಗೆ ಏರಿದೆ. ಜೂನಿನಲ್ಲಿ ನಾವು ಅರ್ಜಿ ತಿರುಗಿಸಿದ ಮೇಲೆ ಪೊಟ್ಟಣದ ಹಿಟ್ಟು ಕೊಳ್ಳುವುದು ಆಗದೆ ಬೀದಿಯ ಗಿರಣಿಯಲ್ಲಿ ರಾಗಿ ಬೀಸಿಸಿಕೊಂಡು ಬರತೊಡಗಿದ್ದರು. ಗಿರಣಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಆ ಮೂರನೆಯ ವರದಿಯಲ್ಲಿ ನನ್ನ ಕೆಂಪು ಶಾಯಿಯ ಪಾಲೂ ಇತ್ತು. ಈ ಲೇಖನ ಬರೆಯಲು ಅದೇ ಕಾರಣ. ಹೆತ್ತವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಹಾಕಿಲ್ಲ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕ ಇದೆ. ಚಪಾತಿ ಹಿಟ್ಟು ನಾದಿದಾಗ ರಬ್ಬರಿನಂತೆ ಎಳೆಯುತ್ತದಲ್ಲ, ಆ ಎಳೆತ ಅದರದ್ದೇ. ಬಹುತೇಕ ಜನರಿಗೆ ಅದರಿಂದ ಏನೂ ತೊಂದರೆ ಇಲ್ಲ. ಕೆಲವರಲ್ಲಿ ಮಾತ್ರ, ಹುಟ್ಟಿನಿಂದ ಬಂದ ಒಂದು ಬಗೆಯ ಜೀನಿನ ಕಾರಣದಿಂದ, ಅದು ಸಣ್ಣಕರುಳಿಗೆ ತಲುಪಿದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಸಣ್ಣಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನಂತೆ ಸಣ್ಣಸಣ್ಣ ಎಳೆಗಳಿಂದ ತುಂಬಿರುತ್ತದೆ. ಆಹಾರದ ಸಾರ ಹೀರುವುದು ಆ ಎಳೆಗಳೇ. ಈ ಕಾಯಿಲೆಯಲ್ಲಿ ಅವು ಸವೆದು ಟರ್ಕಿ ಟವೆಲ್ಲು ಹಳೆಯ ಪಂಚೆಯಂತಾಗುತ್ತದೆ. ಕಬ್ಬಿಣಾಂಶ ಹೀರಿಕೊಳ್ಳುವ ಕರುಳಿನ ಮೊದಲ ಭಾಗಕ್ಕೇ ಪೆಟ್ಟು ಹೆಚ್ಚು. ಹಾಗಾಗಿ ಎಷ್ಟು ಮಾತ್ರೆ ನುಂಗಿದರೂ ರಕ್ತಹೀನತೆ ಹೋಗುವುದಿಲ್ಲ. ಮಕ್ಕಳು ಎತ್ತರ ಬೆಳೆಯುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಕೆಲವರಿಗೆ ಭೇದಿ ಇರುವುದೇ ಇಲ್ಲ, ಬರೀ ಸುಸ್ತು.

ಈ ಹುಡುಗಿಗೆ ಆಗ ಹತ್ತು ವರ್ಷ. ನೋಡಿದರೆ ಏಳು ವರ್ಷದವಳಂತೆ ಇದ್ದಳು. ಮೂರು ವರ್ಷ ಜಂತುಹುಳದ ಔಷಧ, ಟಾನಿಕ್ಕು, 'ಸರಿಯಾಗಿ ತಿನ್ನಿಸಿ' ಎಂಬ ಬುದ್ಧಿಮಾತು. ತಿನ್ನಿಸಲೆಂದು ಅವಳಿಗೆ ಗೋಧಿ ಗಂಜಿ, ಮಾಲ್ಟ್ ಪುಡಿ ಬೆರೆಸಿದ ಹಾಲು, ಚಪಾತಿ ಕೊಟ್ಟರು. ಯಾವುದು ಕರುಳನ್ನು ಕೆಡಿಸುತ್ತಿತ್ತೋ ಅದನ್ನೇ ಪುಷ್ಟಿಗೆಂದು ಕೊಟ್ಟಂತಾಯಿತು.

ವೈದ್ಯರನ್ನು ಪೂರ್ತಿ ದೂರುವ ಹಾಗೂ ಇಲ್ಲ. ನಮ್ಮ ಕಡೆ ಈ ಕಾಯಿಲೆ ಕಡಿಮೆ. ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದಕ್ಷಿಣದ ಭಾಗ ನಡೆದದ್ದು ನಮ್ಮ ಪಕ್ಕದ ವೆಲ್ಲೂರಿನ ಕಡೆ. ಉತ್ತರದಲ್ಲಿ ನೂರಕ್ಕೆ ಒಬ್ಬರಿಗೆ ಸೀಲಿಯಾಕ್ ಇದ್ದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ. ಆದರೆ ಅದಕ್ಕೆ ಬೇಕಾದ ಜೀನು ಉತ್ತರದವರಲ್ಲೂ ದಕ್ಷಿಣದವರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಮೂವರಲ್ಲಿ ಒಬ್ಬರಿಗೆ ಇತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ. ಈ ಅಂಕಿ ಓದಿದ ದಿನ ನಮ್ಮ ಮನೆಯ ಲೆಕ್ಕ ಹಾಕಿದೆ. ಸಕ್ಕರೆ ಕಾಯಿಲೆ ಬಂದ ಮೇಲೆ ರಾತ್ರಿ ಊಟಕ್ಕೆ ಬರೀ ಚಪಾತಿ, ಬೆಳಿಗ್ಗೆ ವಾರಕ್ಕೆರಡು ದಿನ ಉಪ್ಪಿಟ್ಟು. ಚೆನ್ನೈಯಲ್ಲಿದ್ದರೂ ನಾವು ಗೋಧಿಯ ಮಟ್ಟಿಗೆ ಅರ್ಧ ಉತ್ತರದವರೇ ಆಗಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರಿಗಾದರೂ ತಮಗೋ ಮಕ್ಕಳಿಗೋ ಹೀಗಿರಬಹುದು ಎಂದು ಅನುಮಾನ ಬಂದರೆ, ನಾಳೆಯಿಂದಲೇ ಗೋಧಿ ಬಿಡಬೇಡಿ. ಮೊದಲು ವೈದ್ಯರ ಬಳಿ ಹೋಗಿ. ಟಿಟಿಜಿ ಎಂಬ ರಕ್ತಪರೀಕ್ಷೆ ಇದೆ. ಅದರಲ್ಲಿ ಸುಳಿವು ಸಿಕ್ಕರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಗೋಧಿ ತಿನ್ನುತ್ತಿರುವಾಗಲೇ ಈ ಪರೀಕ್ಷೆ ಆಗಬೇಕು. ಬಿಟ್ಟು ಕೆಲವು ತಿಂಗಳಾದರೆ ಕಾಯಿಲೆ ಇದ್ದರೂ ವರದಿ ಇಲ್ಲ ಎಂದು ತೋರಿಸಬಹುದು. ಒಬ್ಬರಿಗೆ ಇದೆ ಎಂದಾದರೆ ಒಡಹುಟ್ಟಿದವರಿಗೂ ಹೆತ್ತವರಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇನ್ನು ತೂಕ ಇಳಿಸಲು ಗೋಧಿ ಬಿಡುವ ಹೊಸ ಫ್ಯಾಷನ್ನಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಅದು ಅವರವರ ಇಷ್ಟ, ನಿಧಿಯ ವಿಷಯವಲ್ಲ.

ಆಹಾರವೇ ಇದರ ಔಷಧ ಎಂದು ಗೊತ್ತಾದದ್ದು ಹೇಗೆಂಬುದೂ ಒಂದು ಕಥೆ. ಹಾಲೆಂಡಿನ ಹೇಗ್ ನಗರದಲ್ಲಿ ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. ಗೋಧಿಯ ಮೇಲೆ ಅವರಿಗೆ 1930ರ ದಶಕದಿಂದಲೂ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ ಆಕ್ರಮಣದ ನಡುವೆ ಅಲ್ಲಿ ಭೀಕರ ಹಸಿವು. ಬ್ರೆಡ್ಡು ಸಿಗದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ಡು ಬಂತು, ಕಾಯಿಲೆಯೂ ಮರಳಿತು. 1950ರಲ್ಲಿ ಅವರು ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧ ಇದನ್ನು ವಿವರಿಸಿತು. ಅಲ್ಲಿಂದ ಇಲ್ಲಿಯವರೆಗೆ ಚಿಕಿತ್ಸೆ ಬದಲಾಗಿಲ್ಲ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ.

ಇದನ್ನೆಲ್ಲ ಕೇಳಿದಾಗ ನನಗೆ ಮೊದಲು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ನಾವು ಅನ್ನ ತಿನ್ನುವ ಜನ. ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಜೋಳದ ರೊಟ್ಟಿ, ನೀರುದೋಸೆ, ಕಡುಬು, ಇಡ್ಲಿ ಇರುವಾಗ ಗೋಧಿ ಬಿಡುವುದು ಯಾವ ದೊಡ್ಡ ಕಷ್ಟ? ಈ ಊರಿನಲ್ಲಿ ಬೇಸಿಗೆಯಲ್ಲಿ ಗಾಡಿಯ ಮೇಲೆ ಸಜ್ಜೆಯ ಕಂಬು ಕೂಳು, ರಾಗಿಯ ಕೂಳು ಮಾರುತ್ತಾರೆ, ಆಡಿ ತಿಂಗಳಲ್ಲಿ ಅಮ್ಮನ ಗುಡಿಗಳಲ್ಲಿ ಅದನ್ನೇ ಹಂಚುತ್ತಾರೆ. ಇಡಿಯಪ್ಪ ಇದೆ, ಪುಟ್ಟು ಇದೆ. ಬ್ರೆಡ್ಡಿಗೇಕೆ ಹಟ?

ಆ ತಾಯಿ ಅದಕ್ಕೆ ಉತ್ತರ ಕೊಡಲಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಬಂದಾಗ ಮಗಳಿಗೆ ಡಬ್ಬಿಯಲ್ಲಿ ಅನ್ನ ತಂದಿದ್ದರು. ಅಂದು ನಾನು ನಮ್ಮದೇ ಎಲೆಯನ್ನು ಆಡಿಟ್ ಮಾಡಿದೆ. ಒಬ್ಬಟ್ಟಿನ ಕಣಕ ಮೈದಾ. ಚಿರೋಟಿ ಹೇಳುವುದೇ ಬೇಡ. ಶಾವಿಗೆ ಪಾಯಸದ ಶಾವಿಗೆ ಗೋಧಿಯದು. ಕೋಡುಬಳೆಗೆ ಅಕ್ಕಿ ಹಿಟ್ಟಿನ ಜೊತೆ ಮೈದಾ, ಚಿರೋಟಿ ರವೆ. ಬಿಸಿಬೇಳೆಭಾತ್ ಸರಿಯಿರಬಹುದು ಎಂದುಕೊಂಡೆ. ಅಡುಗೆಯವರ ಬಳಿ ಹೋಗಿ ಇಂಗಿನ ಡಬ್ಬಿ ತಿರುಗಿಸಿ ನೋಡಿದೆ. ಅದರ ಹಿಂಭಾಗದಲ್ಲಿ ಗೋಧಿ ಹಿಟ್ಟು ಎಂದು ಬರೆದಿತ್ತು. ನಾವು ಇಂಗು ಎಂದು ಕೊಳ್ಳುವುದು ಶುದ್ಧ ಇಂಗಲ್ಲ, ಅದರ ಖಾರ ತಡೆಯಲಾಗದೆ ಅಂಟು, ಹಿಟ್ಟು ಬೆರೆಸಿದ ಕೂಟ. ಅನೇಕ ಕಂಪನಿಗಳಲ್ಲಿ ಆ ಹಿಟ್ಟು ಗೋಧಿಯದು. ಸಾರು, ಹುಳಿ, ಕೋಸಂಬರಿಯ ಒಗ್ಗರಣೆ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲದರಲ್ಲೂ ಅದು ಇತ್ತು. ಅಷ್ಟು ದೊಡ್ಡ ಎಲೆಯಲ್ಲಿ ಅವಳು ತಿನ್ನಬಹುದಾಗಿದ್ದದ್ದು ಬಿಳಿ ಅನ್ನ, ತುಪ್ಪ, ಬಾಳೆಹಣ್ಣು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ನನಗೆ ತಿಳಿದದ್ದು ಅದಾದ ಮೇಲೆ.

ಹೀಗೆ ಹುಡುಕುತ್ತ ಹೋದರೆ ಗೋಧಿ ಎಲ್ಲೆಲ್ಲೋ ಅಡಗಿದೆ. ರವೆ ಎಂದರೆ ಗೋಧಿ ಎಂಬುದೇ ಅರ್ಧ ಜನರಿಗೆ ನೆನಪಿರುವುದಿಲ್ಲ. 'ಉಪ್ಪಿಟ್ಟು ಕೊಟ್ಟೆ, ಗೋಧಿ ಕೊಡಲಿಲ್ಲ' ಎನ್ನುತ್ತಾರೆ. ರವೆ ಇಡ್ಲಿ ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ, ಅಂದರೆ ಅದು ಅಕ್ಕಿಯ ಬದಲು ಗೋಧಿ ಬಂದದ್ದರ ಗುರುತು. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ. ಸೋಯಾ ಸಾಸಿನಲ್ಲಿ ಗೋಧಿ. ಹೋಟೆಲಿನಲ್ಲಿ ರವೆ ದೋಸೆ ಹಾಕಿದ ಕಾವಲಿಯಲ್ಲೇ ಸಾದಾ ದೋಸೆ. ಪೂರಿ ಕರಿದ ಎಣ್ಣೆಯಲ್ಲೇ ಉದ್ದಿನ ವಡೆ. ಇನ್ನೊಂದು ತಪ್ಪುಕಲ್ಪನೆ ಈ ಊರಿನ 'ಸಂಬಾ ಗೋದುಮೈ' ಬಗ್ಗೆ. ನಮ್ಮ ಉತ್ತರ ಕರ್ನಾಟಕದವರು ಸದಕ, ಜವೆಗೋಧಿ ಎನ್ನುತ್ತಾರಲ್ಲ, ಆ ಜಾತಿಯ ಹಳೆಯ ಗೋಧಿ. ಹಳೆಯದು, ನಾಟಿ, ಅದರಿಂದ ತೊಂದರೆ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಸಕ್ಕರೆ ಕಾಯಿಲೆಯವರ ಮಾತು ಬೇರೆ. ಸೀಲಿಯಾಕ್ ಇದ್ದವರಿಗೆ ಅದೂ ಗೋಧಿಯೇ, ಗ್ಲುಟೆನ್ ಇದ್ದೇ ಇದೆ.

ಹುಡುಗಿಯ ತಂದೆ ಕುಂದಾಪುರದ ಕಡೆಯವರು, ಇಲ್ಲಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ದಿನವಿಡೀ ಪೂರಿ, ಪರೋಟ. ಈಗ ಮನೆಗೆ ಬಂದವರೇ ಬಾಗಿಲಲ್ಲೇ ಅಂಗಿ ಬದಲಿಸಿ, ಕೈ ಮುಖ ತೊಳೆದು ಒಳಗೆ ಬರುತ್ತಾರೆ. ಮೊದಲು ಹೋಟೆಲಿನಿಂದ ತಿಂಡಿ ಕಟ್ಟಿಸಿಕೊಂಡು ಬರುತ್ತಿದ್ದರು, ಅದು ನಿಂತಿದೆ.

ಇಷ್ಟೊಂದು ಕಟ್ಟುನಿಟ್ಟು ಬೇಕೇ ಎಂದು ಕೇಳಬಹುದು. ನಾನೂ ಕೇಳಿದೆ, ಆಮೇಲೆ ಲೆಕ್ಕ ಹಾಕಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 'ಗ್ಲುಟೆನ್ ಫ್ರೀ' ಎಂದು ಬರೆದ ಪೊಟ್ಟಣದಲ್ಲಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು. ಬೇರೆ ಬಹಳ ದೇಶಗಳಲ್ಲೂ ಇದೇ ಮಿತಿ. ಗೋಧಿ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 8 ಭಾಗ ಗ್ಲುಟೆನ್ ಎಂದಿಟ್ಟುಕೊಂಡರೆ, ಒಂದು ಗ್ರಾಂ ಹಿಟ್ಟಿನಲ್ಲಿ 80 ಮಿಲಿಗ್ರಾಂ. ಅಂದರೆ ಒಂದು ಕಿಲೋ ರಾಗಿ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಬೆರೆತರೆ ಮಿತಿ ಮುಟ್ಟಿತು. ಕಾಲು ಗ್ರಾಂ ಎಂದರೆ ಒಂದು ಚಿಟಿಕೆ. ಗಿರಣಿಯಲ್ಲಿ ನಮ್ಮ ಹಿಂದಿನವರು ಐದು ಕಿಲೋ ಗೋಧಿ ಬೀಸಿಸಿಕೊಂಡು ಹೋದ ಕೂಡಲೆ ನಮ್ಮ ರಾಗಿ ಸುರಿಯುತ್ತಾರೆ. ಕಲ್ಲಿನ ಸಂದಿನಲ್ಲಿ, ಕೊಳವೆಯಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದ ಗೋಧಿ ಹಿಟ್ಟು ಎಷ್ಟು ಚಿಟಿಕೆ ಎಂದು ನೀವೇ ಊಹಿಸಿ. ರಾಗಿಯಲ್ಲಿ ದೋಷವಿರಲಿಲ್ಲ, ತಾಯಿಯ ಕಾಳಜಿಯಲ್ಲೂ ಇರಲಿಲ್ಲ. ಆಗಸ್ಟಿನ ವರದಿ ಏರಿದ್ದಕ್ಕೆ ವೈದ್ಯರು ಹುಡುಕಿ ಹುಡುಕಿ ಕೊನೆಗೆ ಹಿಡಿದದ್ದು ಈ ಗಿರಣಿಯನ್ನೇ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೂ ಕರುಳು ಕೆಡಬಹುದು ಎಂಬುದನ್ನು ಪರೀಕ್ಷಿಸಿ ನೋಡಿದ್ದಾರೆ. ಒಂದು ಚೂರು ಸಾಧಾರಣ ಬ್ರೆಡ್ಡಿನಲ್ಲಿ ಅದರ ನಲವತ್ತು ಪಟ್ಟು ಇರುತ್ತದೆ.

ಇನ್ನು ಬ್ರೆಡ್ಡಿನ ಹಟ. ಅದು ಹಟ ಅಲ್ಲ ಎಂದು ಹುಡುಗಿಯನ್ನೇ ಕೇಳಿ ತಿಳಿದೆ. ಶಾಲೆಯಲ್ಲಿ ಬುತ್ತಿ ಬಿಚ್ಚಿದಾಗ ಎಲ್ಲರೂ ಹಂಚಿಕೊಳ್ಳುತ್ತಾರೆ, ಇವಳು ಯಾರಿಂದಲೂ ತೆಗೆದುಕೊಳ್ಳುವಂತಿಲ್ಲ. ಗೆಳತಿಯರ ಹುಟ್ಟುಹಬ್ಬಕ್ಕೆ ಹೋದರೆ ನೀರು ಕುಡಿದು ಬರಬೇಕು. "ಎಲ್ಲರ ಹಾಗೆ ಒಂದು ಸ್ಯಾಂಡ್‌ವಿಚ್ ತಗೊಂಡು ಹೋಗಬೇಕು ಅಂಕಲ್" ಅಂದಳು. ನನಗೆ ತಾತ ಎನ್ನುವ ವಯಸ್ಸು, ಆದರೂ ಅಂಕಲ್ ಎಂದದ್ದು ಸಂತೋಷವಾಯಿತು.

ಅಂಗಡಿ ಹುಡುಕಿದೆ. ದೊಡ್ಡ ಅಂಗಡಿಯೊಂದರ ಫ್ರೀಜರಿನಲ್ಲಿ 300 ಗ್ರಾಂ ತೂಕದ ಗ್ಲುಟೆನ್ ರಹಿತ ಬ್ರೆಡ್ಡು 280 ರೂಪಾಯಿ. ಸಾಧಾರಣ ಬ್ರೆಡ್ಡು 400 ಗ್ರಾಮಿಗೆ 50. ಕೊಂಡು ತಿಂದು ನೋಡಿದೆ, ಸುಟ್ಟು ಬೆಣ್ಣೆ ಹಚ್ಚಿದರೆ ಪರವಾಗಿಲ್ಲ, ಹಾಗೆಯೇ ತಿಂದರೆ ಥರ್ಮೋಕೋಲು. ಒಂದು ಬೇಕರಿಯವರು 'ಮಲ್ಟಿಗ್ರೇನ್ ಇದೆ, ರಾಗಿ ಬ್ರೆಡ್ಡು ಇದೆ' ಎಂದರು. ರಾಗಿ ಬ್ರೆಡ್ಡಿನ ಚೀಟಿ ಓದಿದರೆ ಮೊದಲ ಹೆಸರೇ ಗೋಧಿ ಹಿಟ್ಟು, ರಾಗಿ ನಾಲ್ಕನೆಯದು. ಸೌಕಾರ್‌ಪೇಟೆಗೂ ಹೋಗಿಬಂದೆ. ಅಲ್ಲಿ ಮಾರ್ವಾಡಿ, ಗುಜರಾತಿ ಮನೆಗಳವರು ವ್ರತದ ದಿನ ಧಾನ್ಯ ಮುಟ್ಟುವುದಿಲ್ಲವಾದ್ದರಿಂದ ಕುಟ್ಟು, ರಾಜಗಿರಿ, ಸಿಂಘಾಡದ ಹಿಟ್ಟು ಸಿಗುತ್ತದೆ. ಮೂರರಲ್ಲೂ ಗ್ಲುಟೆನ್ ಇಲ್ಲ. ಆದರೆ ಬಿಡಿ ಹಿಟ್ಟನ್ನು ಎಲ್ಲಿ ಬೀಸಿದಿರಿ ಎಂದು ಕೇಳಿದರೆ ಮತ್ತೆ ಅದೇ ಗಿರಣಿಯ ಕಥೆ. ರಾಜಗಿರಿ ಕಾಳು ಮಾತ್ರ ತಂದೆ. ಕಾಳು ತೊಳೆದು ಒಣಗಿಸಿ ನಾವೇ ಬೀಸಿಕೊಳ್ಳಬಹುದು.

ಕೊನೆಗೆ ಮನೆಯಲ್ಲೇ ಮಾಡುವುದೆಂದು ತೀರ್ಮಾನವಾಯಿತು. ನನ್ನ ಹೆಂಡತಿ ಒಲೆಯ ಮುಂದೆ ನಾನು ನಿಂತದ್ದನ್ನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು.

ಬ್ರೆಡ್ಡು ಉಬ್ಬುವುದು ಹೇಗೆಂದರೆ, ಯೀಸ್ಟ್ ಸಕ್ಕರೆ ತಿಂದು ಅನಿಲ ಬಿಡುತ್ತದೆ, ಗ್ಲುಟೆನ್ನಿನ ಬಲೆ ಆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಲೆ ಇಲ್ಲದ ಅಕ್ಕಿ ಹಿಟ್ಟಿನಲ್ಲಿ ಅನಿಲ ಹುಟ್ಟುತ್ತದೆ, ಹೊರಟುಹೋಗುತ್ತದೆ. ನನ್ನ ಮೊದಲ ಬ್ರೆಡ್ಡು ಇಟ್ಟಿಗೆಯಾಗಿತ್ತು, ಉಪಮೆಯಲ್ಲ, ಬಾಗಿಲಿಗೆ ಅಡ್ಡ ಇಡಬಹುದಾಗಿತ್ತು. ಆಗ ನೆನಪಾದದ್ದು ಇಡ್ಲಿ. ಅದರಲ್ಲೂ ಗ್ಲುಟೆನ್ ಇಲ್ಲ, ಆದರೂ ಹತ್ತಿಯಂತೆ ಉಬ್ಬುತ್ತದಲ್ಲ? ಇದಕ್ಕೆ ಉತ್ತರ ಹುಡುಕಿದವರು ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು. 1970ರ ದಶಕದಲ್ಲಿ ಎನ್. ಎಸ್. ಸುಶೀಲಮ್ಮ ಮತ್ತು ಎಂ. ವಿ. ಎಲ್. ರಾವ್ ಉದ್ದಿನಬೇಳೆಯಲ್ಲಿರುವ ಒಂದು ಸಸಾರಜನಕ ಮತ್ತು ಒಂದು ಲೋಳೆ ಪದಾರ್ಥ ಸೇರಿ ಗುಳ್ಳೆಗಳನ್ನು ಒಡೆಯದಂತೆ ಹಿಡಿದಿಡುತ್ತವೆ ಎಂದು ತೋರಿಸಿದರು. ಗೋಧಿಯಿಲ್ಲದೆ ಉಬ್ಬಿಸುವ ವಿದ್ಯೆ ನಮ್ಮ ಅಜ್ಜಿಯರ ಕೈಯಲ್ಲಿ ಮೊದಲಿನಿಂದ ಇತ್ತು. ಉತ್ಸಾಹದಿಂದ ಬ್ರೆಡ್ಡಿಗೂ ಉದ್ದಿನ ಹಿಟ್ಟು ಹಾಕಿದೆ. ಮೆತ್ತಗೇನೋ ಆಯಿತು, ಆದರೆ ಜಾಮ್ ಹಚ್ಚಿದ ವಡೆಯ ವಾಸನೆ. ಹುಡುಗಿ ಮುಖ ಸಿಂಡರಿಸಿದಳು.

ಲೋಳೆ ಎಂಬ ಸುಳಿವು ಮಾತ್ರ ಸರಿಯಾಗಿತ್ತು. ಉದ್ದಿನ ಜಾಗಕ್ಕೆ ಇಸಬ್‌ಗೋಲ್ ಬಂತು. ಮಲಬದ್ಧತೆಗೆ ನನ್ನ ವಯಸ್ಸಿನವರೆಲ್ಲ ಮನೆಯಲ್ಲಿಟ್ಟುಕೊಂಡಿರುವ ಅದೇ ಹೊಟ್ಟು. ಆರೇಳು ಪ್ರಯತ್ನದ ನಂತರ ನೆಲೆನಿಂತ ಅಳತೆ ಇದು. ಅಕ್ಕಿ ಹಿಟ್ಟು 150 ಗ್ರಾಂ, ರಾಗಿ ಅಥವಾ ಜೋಳದ ಹಿಟ್ಟು 100 ಗ್ರಾಂ, ಮರಗೆಣಸಿನ ಪಿಷ್ಟ 100 ಗ್ರಾಂ. ಈ ಪಿಷ್ಟವೇ ಸಾಬೂದಾನದ ಮೂಲ, ಸೇಲಂ ಕಡೆಯಿಂದ ಬರುತ್ತದೆ, ಇಲ್ಲಿ ಸುಲಭವಾಗಿ ಸಿಗುತ್ತದೆ. 20 ಗ್ರಾಂ ಇಸಬ್‌ಗೋಲನ್ನು 400 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಗಟ್ಟಿ ಲೋಳೆಯಾಗುತ್ತದೆ. ಹಿಟ್ಟುಗಳಿಗೆ 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಬೆರೆಸಿ, ಲೋಳೆ, ಎರಡು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಚಮಚ ವಿನಿಗರ್ ಹಾಕಿ ಕೈಯಿಂದ ಚೆನ್ನಾಗಿ ಕಲಸಿ. ಚಪಾತಿ ಹಿಟ್ಟಿನ ಹದ ನಿರೀಕ್ಷಿಸಬೇಡಿ. ಅಕ್ಕಿ ರೊಟ್ಟಿ ತಟ್ಟುವ ಹಿಟ್ಟಿಗಿಂತ ಸ್ವಲ್ಪ ಸಡಿಲ ಇರಬೇಕು. ನಾದುವ ಕೆಲಸವೇ ಇಲ್ಲ, ನಾದಿ ಬೆಳೆಸಲು ಗ್ಲುಟೆನ್ ಎಲ್ಲಿದೆ? ಎಂಟು ಇಂಚು ಉದ್ದ, ನಾಲ್ಕು ಇಂಚು ಅಗಲದ ಟಿನ್ನಿಗೆ ತುಂಬಿ ಒದ್ದೆ ಕೈಯಿಂದ ಮೇಲ್ಮೈ ಸವರಿ ಬಟ್ಟೆ ಮುಚ್ಚಿಡಿ. ಅಗಲ ಟಿನ್ನು ಬೇಡ, ಹಿಟ್ಟಿಗೆ ಪಕ್ಕದ ಗೋಡೆಯ ಆಸರೆ ಬೇಕು.

ಪುಸ್ತಕಗಳಲ್ಲಿ ಒಂದು ಗಂಟೆ ಉಬ್ಬಲು ಬಿಡಿ ಎಂದಿರುತ್ತದೆ. ಅದು ಚಳಿಯ ಊರಿನ ಲೆಕ್ಕ. ಚೆನ್ನೈಯ ಮೇ ತಿಂಗಳಲ್ಲಿ ಅರ್ಧ ಗಂಟೆ ದಾಟಿದರೆ ಉಬ್ಬಿದ್ದು ಕುಸಿಯುತ್ತದೆ. ಟಿನ್ನಿನ ಅಂಚಿಗೆ ಬಂದ ಕೂಡಲೆ ಒವನ್ನಿಗೆ ಇಡಿ. 200 ಡಿಗ್ರಿಯಲ್ಲಿ 50ರಿಂದ 55 ನಿಮಿಷ. ಮೇಲೆ ಬೇಗ ಕೆಂಪಾದರೆ ಹಾಳೆ ಮುಚ್ಚಿ, ಒಳಗೆ ಬೇಯದೆ ತೆಗೆಯಬೇಡಿ. ತೆಗೆದ ಮೇಲೆ ಎರಡು ಗಂಟೆ ಮುಟ್ಟಬಾರದು. ಬಿಸಿಯಲ್ಲಿ ಕತ್ತರಿಸಿದರೆ ಒಳಗೆ ಅಂಟು ಅಂಟು, ಬೆಂದಿಲ್ಲ ಎಂದು ಮೋಸ ಹೋಗುತ್ತೀರಿ. ನಾನು ಎರಡು ಸಲ ಹೀಗೆ ಒಳ್ಳೆಯ ಬ್ರೆಡ್ಡನ್ನು ಎಸೆದಿದ್ದೇನೆ. ಮಾರನೆಯ ದಿನಕ್ಕೆ ಗಡುಸಾಗುವುದರಿಂದ ಆರಿದ ಕೂಡಲೆ ಚೂರು ಮಾಡಿ ಫ್ರೀಜರಿನಲ್ಲಿಟ್ಟು ಬೇಕಾದಾಗ ಕಾವಲಿಯ ಮೇಲೆ ಬಿಸಿ ಮಾಡಬೇಕು. ಆ ಕಾವಲಿಯಲ್ಲಿ ಚಪಾತಿ ಮಾಡಿರಬಾರದು ಎಂದು ಬೇರೆ ಹೇಳಬೇಕಿಲ್ಲ.

ಸುಮಾರು 700 ಗ್ರಾಂ ತೂಕದ ಈ ಬ್ರೆಡ್ಡಿಗೆ ಕರೆಂಟೂ ಸೇರಿ ನನಗೆ ಬಿದ್ದ ವೆಚ್ಚ 80 ರೂಪಾಯಿಯ ಆಸುಪಾಸು. ಇದರಲ್ಲಿ ಇಸಬ್‌ಗೋಲ್ ಒಂದೇ 30. ಅಂಗಡಿಯಲ್ಲಿ ವಾರಕ್ಕೆ ಎರಡು ಬ್ರೆಡ್ಡು ಕೊಂಡರೆ 560. ವಾರಕ್ಕೆ ಉಳಿಯುವುದು 480. ಮನೆಯಲ್ಲಿಡುವ ಸಣ್ಣ ಹಿಟ್ಟಿನ ಗಿರಣಿಗೆ 15,000, ಒವನ್ನಿಗೆ 6,000 ಎಂದಿಟ್ಟುಕೊಂಡರೆ 44 ವಾರದಲ್ಲಿ ಬಂಡವಾಳ ವಾಪಸು. ಬ್ಯಾಂಕಿನಲ್ಲಿ ಇಷ್ಟು ಒಳ್ಳೆಯ ಪ್ರಸ್ತಾವನೆ ನನ್ನ ಮೇಜಿಗೆ ಬಂದದ್ದು ಕಡಿಮೆ. ಆದರೆ ಆ 21,000ವನ್ನು ಒಟ್ಟಿಗೆ ಹಾಕುವ ಶಕ್ತಿ ಆ ಮನೆಗಿಲ್ಲ. ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದರೆ ಹಣ ಕೊಡುತ್ತದೆ, ಅಡುಗೆಮನೆಗೆ ಕೊಡುವುದಿಲ್ಲ.

ಬೇರೆ ಕಡೆ ಹೇಗಿದೆ ಎಂದೂ ನೋಡಿದೆ. ಇಟಲಿಯಲ್ಲಿ ಸರ್ಕಾರವೇ ಈ ರೋಗಿಗಳಿಗೆ ಗ್ಲುಟೆನ್ ರಹಿತ ಆಹಾರಕ್ಕೆಂದು ತಿಂಗಳಿಗೆ ಇಷ್ಟು ಎಂದು ಕೊಡುತ್ತದೆ. ಇಂಗ್ಲೆಂಡಿನ ಕೆಲವು ಪ್ರದೇಶಗಳಲ್ಲಿ ವೈದ್ಯರು ಔಷಧದ ಚೀಟಿಯಲ್ಲೇ ಬ್ರೆಡ್ಡು ಬರೆಯುತ್ತಾರೆ. ನನಗೆ ಬಹಳ ಹಿಡಿಸಿದ್ದು ಕೆನಡಾದ ಕ್ರಮ. ಅಲ್ಲಿ ಸಾಧಾರಣ ಬ್ರೆಡ್ಡಿನ ಬೆಲೆಗೂ ಇದರ ಬೆಲೆಗೂ ಇರುವ ವ್ಯತ್ಯಾಸವನ್ನು ಮಾತ್ರ ವೈದ್ಯಕೀಯ ವೆಚ್ಚವೆಂದು ಆದಾಯ ತೆರಿಗೆಯಲ್ಲಿ ತೋರಿಸಬಹುದು. ಯಾರಾದರೂ ಹೇಗೂ ಬ್ರೆಡ್ಡು ತಿನ್ನುತ್ತಾರೆ, ಕಾಯಿಲೆಯಿಂದ ಬಂದ ಹೆಚ್ಚುವರಿ ಹೊರೆ ಎಷ್ಟೋ ಅದಷ್ಟೇ ಚಿಕಿತ್ಸೆಯ ವೆಚ್ಚ.

ಇದನ್ನೇ ಟಿಪ್ಪಣಿ ಮಾಡಿ ಡಿಸೆಂಬರಿನಲ್ಲಿ ಸಮಿತಿಯ ಮುಂದಿಟ್ಟೆ. ಜೂನಿನ ನನ್ನ ಕೆಂಪು ಶಾಯಿಯ ಪುಟವನ್ನೂ ಜೊತೆಗೆ ಲಗತ್ತಿಸಿದೆ. ಒಬ್ಬ ಸದಸ್ಯರು 'ನಾಳೆ ಸಕ್ಕರೆ ಕಾಯಿಲೆಯವರು ರಾಗಿಗೆ ದುಡ್ಡು ಕೇಳಿದರೆ?' ಎಂದರು. ನ್ಯಾಯವಾದ ಪ್ರಶ್ನೆ. ಅವರಿಗೆ ಔಷಧವಿದೆ, ಅದಕ್ಕೆ ನಾವು ಕೊಡುತ್ತಲೂ ಇದ್ದೇವೆ, ಇಲ್ಲಿ ಆಹಾರ ಬಿಟ್ಟರೆ ಬೇರೆ ಔಷಧವಿಲ್ಲ ಎಂದೆ. ಒಂದು ಗಂಟೆ ಚರ್ಚೆಯಾಗಿ ಹೀಗೆ ಒಪ್ಪಿಗೆಯಾಯಿತು. ಕರುಳಿನ ತಜ್ಞರ ಲಿಖಿತ ದೃಢೀಕರಣ ಇದ್ದವರಿಗೆ ಗಿರಣಿ, ಒವನ್ನು, ಕಾವಲಿಗೆ ಒಂದು ಬಾರಿ ನೆರವು. ಹಿಟ್ಟು, ಬ್ರೆಡ್ಡಿನ ಹೆಚ್ಚುವರಿ ವೆಚ್ಚಕ್ಕೆ ಮೂರು ತಿಂಗಳಿಗೊಮ್ಮೆ ಬಿಲ್ಲಿನ ಮೇಲೆ ನೆರವು. ವರ್ಷಕ್ಕೆರಡು ಟಿಟಿಜಿ ಪರೀಕ್ಷೆಯ ಪೂರ್ತಿ ಶುಲ್ಕ. ಹುಡುಗಿಯ ತಮ್ಮನಿಗೂ ಪರೀಕ್ಷೆ ಮಾಡಿಸಿದ್ದೇವೆ, ಅವನಿಗೆ ಇಲ್ಲ.

ಜನವರಿಯಲ್ಲಿ ಗಿರಣಿ ಅವರ ಮನೆಗೆ ಬಂತು. ಮೊನ್ನೆಯ ವರದಿಯಲ್ಲಿ ಅಂಕಿ ಮಿತಿಯ ಎರಡು ಪಟ್ಟಿಗೆ ಇಳಿದಿದೆ. ಗೋಡೆಯ ಮೇಲಿನ ಪೆನ್ಸಿಲ್ ಗೆರೆಯ ಪ್ರಕಾರ ಹುಡುಗಿ ಮೂರು ಸೆಂಟಿಮೀಟರ್ ಬೆಳೆದಿದ್ದಾಳೆ. ತಾಯಿ ಈಗ ನನಗಿಂತ ಚೆನ್ನಾಗಿ ಬ್ರೆಡ್ಡು ಮಾಡುತ್ತಾರೆ, ರಾಜಗಿರಿ ಎರಡು ಚಮಚ ಸೇರಿಸುವುದು ಅವರದ್ದೇ ಸುಧಾರಣೆ.

ನಮ್ಮ ನಿಧಿಯ ಮುಂದೆ ಇನ್ನೆರಡು ಇಂಥ ಅರ್ಜಿಗಳಿವೆ. ಒಬ್ಬರು ಐವತ್ತೆರಡು ವರ್ಷದ ಮಹಿಳೆ, ಇನ್ನೊಬ್ಬ ಕಾಲೇಜು ಹುಡುಗ. ಇಬ್ಬರಿಗೂ ಗಿರಣಿ ಬೇಕು. ಈ ಶೀರ್ಷಿಕೆಗೆಂದೇ ಕೊಡುವವರು ಚೆಕ್ಕಿನ ಹಿಂಭಾಗದಲ್ಲಿ 'ಗಿರಣಿ' ಎಂದು ಬರೆದರೆ ಸಾಕು, ಬೇರೆ ಲೆಕ್ಕದಲ್ಲಿ ಇಡುತ್ತೇನೆ. 80ಜಿ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಆದ್ದರಿಂದ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆ ಒಳ್ಳೆಯದು. ವಸ್ತು ಕೊಡುವವರಿಗೆ ಒಂದು ವಿನಂತಿ. ಬಳಸಿದ ಒವನ್ನು ಆಗಬಹುದು, ತೊಳೆದು ಹೊಸ ತಟ್ಟೆ ಹಾಕಿಕೊಳ್ಳುತ್ತೇವೆ. ಬಳಸಿದ ಗಿರಣಿ, ಟೋಸ್ಟರು ಮಾತ್ರ ಬೇಡ. ಅವುಗಳ ಸಂದಿನಿಂದ ಗೋಧಿ ಹಿಟ್ಟು ಪೂರ್ತಿ ಹೋಗುವುದಿಲ್ಲ.

ಯುಗಾದಿಯ ಊಟಕ್ಕೆ ಈ ಸಲ ಒಂದು ಬೇರೆ ಸಾಲು ಹಾಕುತ್ತಿದ್ದೇವೆ. ಬೇರೆ ಪಾತ್ರೆ, ಬೇರೆ ಸೌಟು, ಒಬ್ಬಟ್ಟಿಗೆ ಅಕ್ಕಿ ಹಿಟ್ಟಿನ ಕಣಕ. ಒಗ್ಗರಣೆಗೆ ಇಂಗು ಬೀಳುವ ಮೊದಲು ಡಬ್ಬಿಯ ಹಿಂಭಾಗ ನನಗೆ ತೋರಿಸಬೇಕು ಎಂದು ಅಡುಗೆಯವರಿಗೆ ಹೇಳಿದ್ದೇನೆ. ಆ ಸಾಲಿನಲ್ಲಿ ಕೂರಬೇಕಾದವರು ನಿಮ್ಮ ಮನೆಯಲ್ಲಿದ್ದರೆ ಒಂದು ವಾರ ಮೊದಲೇ ಕಚೇರಿಗೆ ತಿಳಿಸಿ.